ನನ್ನ ಕೈ ಎಂಬ ಥರ್ಮಾಮೀಟರ್

ನನ್ನ ಬಲಗೈ ಬಗ್ಗೆ ನನಗೆ ಭಾರಿ ಜಂಬವಿತ್ತು. ಬೇರೆ ಹೆಣ್ಣುಮಕ್ಕಳು ಉದ್ದ ಜಡೆ, ಒಳ್ಳೇ ಕಂಠ, ಕೆಂಪಗಿನ ಮೈಬಣ್ಣ ಅಂತ ಜಂಬ ಪಡಲಿಕ್ಕೆ ಏನೇನೋ ಇಟ್ಟುಕೊಂಡಿರುತ್ತಾರೆ. ನನಗೆ ಆ ಮೂರೂ ಇರಲಿಲ್ಲ. ಇದ್ದದ್ದು ಈ ಕೈ ಒಂದೇ. ಒಲೆಯ ಮೇಲೆ ಕೊತಕೊತ ಕುದಿಯುವ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುವ ಕೈ. ಮನೆಗೆ ನೆಂಟರು ಬಂದಾಗಲೆಲ್ಲ ನಮ್ಮವ್ವ ನನ್ನಿಂದ ಅದನ್ನು ಮಾಡಿಸಿ ತೋರಿಸುತ್ತಿದ್ದಳು. ಅವರು "ಅಬ್ಬಬ್ಬಾ!" ಅಂದರೆ ನನಗೆ ಎರಡು ದಿನ ಊಟ ಬೇಡವಾಗುತ್ತಿತ್ತು.

ಆ ಕೈ ಸುಮ್ಮನೆ ಬಂದದ್ದಲ್ಲ. ನಮ್ಮಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ. ಹಿತ್ತಲಲ್ಲಿ ಎರಡು ದೊಡ್ಡ ತಾಮ್ರದ ಹಂಡೆ. ಒಂದರಲ್ಲಿ ನೂಲು ಬೇಯಿಸಿ ಅಂಟು ಬಿಡಿಸುವುದು, ಇನ್ನೊಂದರಲ್ಲಿ ಬಣ್ಣ. ನೂಲಿನ ಲಡಿಗಳನ್ನು ಕೋಲಿಗೆ ಹಾಕಿ ಬಿಸಿ ಬಣ್ಣದಲ್ಲಿ ತಿರುಗಿಸುತ್ತಲೇ ಇರಬೇಕು, ಒಂದು ಗಳಿಗೆ ನಿಲ್ಲಿಸಿದರೂ ಬಣ್ಣ ತೇಪೆ ತೇಪೆಯಾಗಿ ಹತ್ತುತ್ತದೆ. ಹತ್ತು ವರ್ಷಕ್ಕೇ ನಾನು ಆ ಕೆಲಸಕ್ಕೆ ನಿಂತೆ. ಅಪ್ಪ ಹಂಡೆಗೆ ಕೈ ಅದ್ದಿ "ಹದ ಬಂತು" ಅಂದರೆ ಬಂತು, "ಇನ್ನಾ ಬರ್ಬೇಕು" ಅಂದರೆ ಬರಬೇಕು. ಅವನ ಕೈಯೇ ಅಳತೆ. ನಾಲ್ಕೈದು ವರ್ಷದಲ್ಲಿ ನಾನೂ ಕೈ ಅದ್ದಿ ಹದ ಹೇಳುವಷ್ಟಾದೆ. ನಾನು ಹದ ಹೇಳಿದ ಬಣ್ಣ ಒಂದು ಸಲವೂ ಕೆಟ್ಟಿಲ್ಲ, ಅದು ನಿಜ. ಆದರೆ ನೂಲಿಗೆ ಚರ್ಮ ಇರುವುದಿಲ್ಲ ಎಂಬ ಸಣ್ಣ ಸಂಗತಿ ನನ್ನ ತಲೆಗೆ ಹೊಳೆಯಲಿಲ್ಲ.

ನರ್ಸಿಂಗ್ ಕಲಿತು ವಾರ್ಡಿಗೆ ಈಗಷ್ಟೇ ಕಾಲಿಡುತ್ತಿರುವವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಸೇರಿದೆ, ಯಾವಾಗ ಹೆಡ್ ಸಿಸ್ಟರ್ ಆದೆ ಎಂಬುದೆಲ್ಲ ನಿಮಗೆ ಬೇಡ, ನನಗೂ ಬೇಡ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ನಿಮಗೆ ಉಪಯೋಗಕ್ಕೆ ಬರುವಂಥದ್ದು ಇರುವುದು ಒಂದೇ. ನಾನು ಒಬ್ಬ ನೇಕಾರನ ಕಾಲು ಸುಟ್ಟದ್ದು. ಸುಟ್ಟು, ಆಮೇಲೆ ಸುಳ್ಳು ಹೇಳಿದ್ದು.

ಒಬ್ಬರೇ ಡಾಕ್ಟರು ಚಳ್ಳಕೆರೆಯಲ್ಲೊಂದು, ಮೊಳಕಾಲ್ಮೂರಿನಲ್ಲೊಂದು ಸಣ್ಣ ಆಸ್ಪತ್ರೆ ನಡೆಸುತ್ತಿದ್ದರು. ಅವುಗಳ ಹೆಸರು ಹೇಳುವುದಿಲ್ಲ, ತಪ್ಪು ಆಸ್ಪತ್ರೆಯದಲ್ಲ. ಎರಡಕ್ಕೂ ಹೆಡ್ ಸಿಸ್ಟರ್ ಸಾರಮ್ಮ. ತೆಳ್ಳಗೆ, ಕಪ್ಪಗೆ, ಮೂಗಿನ ತುದಿಯಲ್ಲಿ ಕನ್ನಡಕ. ಅವರ ಜೇಬಿನಲ್ಲಿ ಯಾವಾಗಲೂ ನೀರಿನ ಬಿಸಿ ಅಳೆಯುವ ಉದ್ದನೆಯ ಥರ್ಮಾಮೀಟರ್ ಇರುತ್ತಿತ್ತು, ಅಂಗಡಿಯವರ ಕಿವಿಯ ಮೇಲೆ ಪೆನ್ಸಿಲ್ ಇರುವ ಹಾಗೆ. ರೋಗಿಗೆ ಬಿಸಿನೀರಿನ ಚೀಲ ಇಡುವ ಮೊದಲು ಅವರದೊಂದು ಪೂಜಾವಿಧಿ ಇತ್ತು. ನೀರು ಚೊಂಬಿಗೆ ಹಾಕು, ಥರ್ಮಾಮೀಟರ್ ಇಡು, ಐವತ್ತು ಡಿಗ್ರಿ ದಾಟಬಾರದು. ರಬ್ಬರ್ ಚೀಲದ ಮುಕ್ಕಾಲಿಗಿಂತ ಕಮ್ಮಿ ತುಂಬು. ಒತ್ತಿ ಗಾಳಿ ತೆಗೆ. ಬಿರಡೆ ಹಾಕು. ತಲೆಕೆಳಗು ಮಾಡಿ ಸೋರುತ್ತಾ ನೋಡು. ಒರೆಸು. ಬಟ್ಟೆಯ ಗವಸು ಹಾಕು. ಇಟ್ಟ ಮೇಲೆ ಐದೈದು ನಿಮಿಷಕ್ಕೆ ಎತ್ತಿ ಚರ್ಮ ನೋಡು. ಇಪ್ಪತ್ತು ನಿಮಿಷಕ್ಕೆ ತೆಗೆ.

ನಾನು ಕೈ ಅದ್ದುತ್ತಿದ್ದೆ. "ಹದ ಬಂತು" ಅನ್ನುತ್ತಿದ್ದೆ.

"ಪಾರ್ವತೀ, ನಿನ್ನ ಕೈ ಮೇಲೇನು ಸರ್ಕಾರದ ಸೀಲ್ ಒತ್ತಿ ಕೊಟ್ಟವ್ರಾ?" ಅನ್ನುತ್ತಿದ್ದರು ಸಾರಮ್ಮ.

"ಸಿಸ್ಟರ್, ನಮ್ಮದು ಬಣ್ಣದೋರ ಮನೆ. ಈ ಕೈ ಸುಳ್ಳು ಹೇಳಲ್ಲ" ಅನ್ನುತ್ತಿದ್ದೆ ನಾನು. ಕೈ ಸುಳ್ಳು ಹೇಳದಿದ್ದರೂ ಬಾಯಿ ಹೇಳುತ್ತದೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಚಳ್ಳಕೆರೆಯಲ್ಲಿ. ಶೇಂಗಾ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು ಹೊಟ್ಟೆ ಹಿಡಿದುಕೊಂಡು ಬಂದರು. ಡಾಕ್ಟರು ಬರಲು ಇನ್ನೂ ಅರ್ಧ ಗಂಟೆ ಇತ್ತು. ಸಾಹುಕಾರರು ಮಲಗಿದಲ್ಲೇ ಹುಕುಂ ಮಾಡಿದರು: "ಏನಮ್ಮ, ಸುಮ್ನೆ ನಿಂತ್ರೆ ನೋವು ಹೋಗ್ತೈತಾ? ಒಂದಿಷ್ಟು ಬಿಸಿ ಶಾಖ ಕೊಡು." ಕೇಳಿದ್ದೇ ತಡ, ನಾನು ಚೀಲ ತುಂಬಿ ಅವರ ಹೊಟ್ಟೆಯ ಬಲಗಡೆಗೆ ಇಟ್ಟೆ. ಅವರಿಗೆ ಹಿತವಾಯಿತು, ಕಣ್ಣು ಮುಚ್ಚಿ "ಹಾಂ... ಹಾಂ..." ಅಂದರು. ಅಷ್ಟರಲ್ಲಿ ಬಂದ ಡಾಕ್ಟರು ಚೀಲ ನೋಡಿ ಬಾಗಿಲಲ್ಲೇ ನಿಂತರು.

"ಇದನ್ನ ಇಟ್ಟೋರು ಯಾರು?"

ನಾನು ಹೊಗಳುತ್ತಾರೆ ಅಂದುಕೊಂಡು ಮುಂದೆ ಬಂದೆ. ಮುಖಕ್ಕೆ ಮಂಗಳಾರತಿ ಆಯಿತು. ಅದು ಅಪೆಂಡಿಕ್ಸ್. ಕೀವು ತುಂಬಿ ಊದಿಕೊಂಡಿರುವ ಕರುಳಿನ ತುಣುಕಿಗೆ ನಾನು ಕಾವು ಕೊಡುತ್ತಿದ್ದೆ. "ಕುರುವಿಗೆ ಶಾಖ ಕೊಟ್ರೆ ಏನಾಗ್ತೈತೆ ಅಂತ ನಿಮ್ಮ ಮನೇಲಿ ಯಾರೂ ಹೇಳಿಲ್ವಾ? ಹೊರಗಿನ ಕುರು ಒಡೆದ್ರೆ ಒರೆಸ್ಕೋಬಹುದು, ಒಳಗಿಂದು ಒಡೆದ್ರೆ ಏನು ಮಾಡ್ತೀಯಾ?" ಅಂದರು. ಅದೇ ಮಧ್ಯಾಹ್ನ ಕಾರಿನಲ್ಲಿ ಚಿತ್ರದುರ್ಗಕ್ಕೆ ಕಳಿಸಿದರು. ಒಡೆಯುವ ಮೊದಲೇ ಆಪರೇಷನ್ ಆಯಿತು, ಬದುಕಿದರು. ಕಾರಣ ಗೊತ್ತಿಲ್ಲದ ಹೊಟ್ಟೆನೋವಿಗೆ ಶಾಖ ಕೊಡಬಾರದು. ಇದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ನಾನು ಬರೆದಿಟ್ಟುಕೊಂಡೆನೇ? ಇಲ್ಲ. ಯಾಕೆಂದರೆ ತಿಂಗಳ ಮೇಲೆ ಸಾಹುಕಾರರು ಒಂದು ಡಬ್ಬ ಶೇಂಗಾ ಎಣ್ಣೆ ಹೊರಿಸಿಕೊಂಡು ಬಂದು, "ಈ ಸಿಸ್ಟರಮ್ಮ ಕೊಟ್ಟ ಶಾಖದಿಂದ್ಲೇ ನಾನು ದುರ್ಗ ಮುಟ್ಟೋತನಕ ಜೀವ ಹಿಡ್ಕಂಡಿದ್ದು" ಅಂತ ಎಲ್ಲರೆದುರು ಕೈಮುಗಿದರು. ಡಾಕ್ಟರು ನನ್ನನ್ನು ನೋಡಿದರು. ನಾನು ಛಾವಣಿ ನೋಡಿದೆ. ಆ ಎಣ್ಣೆಯಲ್ಲಿ ಕರಿದ ಬಜ್ಜಿ ತಿನ್ನುತ್ತಾ ನನ್ನ ಜಂಬ ಇನ್ನೊಂದು ಸುತ್ತು ದಪ್ಪವಾಯಿತು.

ಎರಡನೆಯದು ತಣ್ಣಗಿನ ತಪ್ಪು. ಆಗ ನಾನು, ಸಾರಮ್ಮ ಇಬ್ಬರೂ ಮೊಳಕಾಲ್ಮೂರಿಗೆ ಬಂದಿದ್ದೆವು. ಸಿದ್ದಾಪುರದ ಕಡೆಯ ಬೋರಯ್ಯ ಅಂತ ಕುರಿ ಮೇಯಿಸುವವನು. ಬಂಡೆ ಸಂದಿನಲ್ಲಿ ಕಾಲು ಸಿಕ್ಕಿ ಪಾದದ ಕೀಲು ಉಳುಕಿ, ಕುಂಬಳಕಾಯಿ ಆಗಿತ್ತು. ಅವನ ಜೊತೆ ಬಂದವರು ಆಗಲೇ ಉಪ್ಪಿನ ಗಂಟು ಬಿಸಿ ಮಾಡಲಿಕ್ಕೆ ಒಲೆ ಎಲ್ಲಿದೆ ಅಂತ ಹುಡುಕುತ್ತಿದ್ದರು. ಹೊಸ ಊತಕ್ಕೆ ಬಿಸಿ ಕೊಟ್ಟರೆ ಇನ್ನೂ ಊದುತ್ತದೆ, ಮೊದಲೆರಡು ದಿನ ಐಸ್ ಇಡಬೇಕು ಅಂತ ಸಾರಮ್ಮ ಅವರನ್ನು ಕೂರಿಸಿದರು. ನನಗೆ ಹೇಳಿದರು: "ಐಸನ್ನ ಬಟ್ಟೇಲಿ ಸುತ್ತಿ ಇಡು. ಹದಿನೈದು ನಿಮಿಷ. ಅಷ್ಟೇ."

ಬಟ್ಟೆ ಯಾಕೆ, ನಡುವೆ ಬಟ್ಟೆ ಇದ್ದರೆ ತಂಪು ಹೇಗೆ ಹತ್ತುತ್ತದೆ? ಇದು ನನ್ನ ಬುದ್ಧಿ. ಐಸಿನ ಚೂರನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ನೇರ ಕಾಲಿಗೇ ಬಿಗಿಯಾಗಿ ಕಟ್ಟಿ, ಒಗ್ಗರಣೆ ಮಂಡಕ್ಕಿ ತಿನ್ನಲು ಹೋದೆ. ಮಂಡಕ್ಕಿ ಜೊತೆ ಮಾತೂ ಸೇರಿತು. ಬಂದು ಬಿಚ್ಚಿದಾಗ ಮುಕ್ಕಾಲು ಗಂಟೆಯಾಗಿತ್ತು. ಚರ್ಮ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಕೆಂಪಾಯಿತು, ಸಂಜೆಗೆ ಬೊಬ್ಬೆ ಎದ್ದವು. ತಂಪೂ ಸುಡುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಅವತ್ತೇ.

ಬೋರಯ್ಯ ಬೈಯಲಿಲ್ಲ. ಬೊಬ್ಬೆಗಳನ್ನು ಮೆಚ್ಚುಗೆಯಿಂದಲೇ ನೋಡಿದ. "ಸಿಸ್ಟರಮ್ಮ, ನಮ್ಮಜ್ಜಿ ಬೆಂಕೀಲಿ ಕಡ್ಡಿ ಕಾಸಿ ಬರೆ ಹಾಕ್ತಿದ್ಲು. ನೀವು ಬರೀ ನೀರಲ್ಲೇ ಹಾಕಿದ್ರಲ್ಲ, ಭೇಷ್ ಬಿಡ್ರಿ!" ಅಂದ. ವಾರ್ಡಿಗೆ ವಾರ್ಡೇ ನಕ್ಕಿತು. ನಾನೂ ನಕ್ಕೆ. ಸಾರಮ್ಮ ಮಾತ್ರ ನಗಲಿಲ್ಲ. "ಬಿಸೀನೂ ಔಷಧ, ತಂಪೂ ಔಷಧ. ಮಾತ್ರೆ ಕೊಡುವಾಗ ಎಣಿಸಿ ಕೊಡ್ತೀಯಲ್ಲ, ಇದನ್ನ ಯಾಕೆ ಮುಷ್ಟಿ ತುಂಬ ಕೊಡ್ತೀಯಾ?" ಅಂದರು. ನಾನು "ಹೂಂ ಸಿಸ್ಟರ್" ಅಂದೆ. ನನ್ನ "ಹೂಂ" ಅನ್ನುವುದು ಈ ಕಿವಿಯಿಂದ ಆ ಕಿವಿಗೆ ಹೋಗುವ ದಾರಿಯ ಸದ್ದು ಅಷ್ಟೇ.

ಈಗ ಓಬಳೇಶಪ್ಪನ ಕಾಲಿಗೆ ಬರುತ್ತೇನೆ.

ಓಬಳೇಶಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ನಮ್ಮಪ್ಪ ಬಣ್ಣ ಹಾಕಿದ ನೂಲು ಎಷ್ಟೋ ಸಲ ಅವನ ಮಗ್ಗಕ್ಕೆ ಹೋಗಿದೆ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಕೈ ಲಾಳಿ ಓಡಿಸುತ್ತದೆ, ಗುಂಡಿಯೊಳಗೆ ಪಾದಗಳು ಒಂದಾದ ಮೇಲೊಂದು ಹಲಗೆ ತುಳಿಯುತ್ತಿರುತ್ತವೆ. ನೋಡುವವರು ಕೈ ನೋಡಿ ಹೊಗಳುತ್ತಾರೆ. ಕಾಲು ನಿಂತರೆ ಸೀರೆ ನಿಂತಿತು. ಒಂದು ಚಳಿಗಾಲದಲ್ಲಿ ಅವನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದು ನಮ್ಮಲ್ಲಿ ಸೇರಿಸಿದ್ದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಹೆಂಡತಿ ನಾಗಮ್ಮ ಹಾಸಿಗೆಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾಗಮ್ಮ ನನ್ನನ್ನು ಕರೆದಳು. "ಸಿಸ್ಟರಮ್ಮ, ಇವ್ರ ಕಾಲು ಮುಟ್ಟಿ ನೋಡ್ರಿ, ಕಲ್ಲಿನಂಗೆ ತಣ್ಣಗೈತೆ. ಬಿಸಿನೀರಿನ ಚೀಲ ಇಡ್ತೀರಾ?"

ಅದಕ್ಕೇನು, ನನ್ನ ಕೈಗೆ ಕೆಲಸ ಸಿಕ್ಕಿತು. ಗವಸು ಒಗೆಯಲಿಕ್ಕೆ ಹೋಗಿತ್ತು, ಒಂದು ತೆಳು ಟವೆಲ್ ಸುತ್ತಿದೆ. ಅಂಗೈ ಇಟ್ಟು ನೋಡಿದೆ, ಹದವಾಗಿತ್ತು. ಪಾದದ ಕೆಳಗೆ ಇಟ್ಟೆ. ಐದು ನಿಮಿಷ ಬಿಟ್ಟು ಕೇಳಿದೆ, "ಹೆಂಗೈತೆ ಓಬಳೇಶಪ್ಪ, ಬೆಚ್ಚಗಾಯ್ತಾ?"

"ಬಿಸೀನೇ ಹತ್ತಲಿಲ್ಲ ಕಣವ್ವ" ಅಂದ ಅವನು.

ಓದುತ್ತಿರುವ ಹುಡುಗಿಯರೇ, ಇಲ್ಲಿ ನಿಲ್ಲಿ. ನಾನು ನಿಲ್ಲಲಿಲ್ಲ, ನೀವಾದರೂ ನಿಲ್ಲಿ. ಬಿಸಿ ಚೀಲ ಇಟ್ಟರೂ ಬಿಸಿ ಗೊತ್ತಾಗಲಿಲ್ಲ ಅಂತ ರೋಗಿ ಹೇಳಿದರೆ ತಪ್ಪು ಚೀಲದಲ್ಲಿಲ್ಲ, ಕಾಲಿನಲ್ಲಿದೆ. ಅವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಅದು ಪಾದದ ಸ್ಪರ್ಶವನ್ನೇ ತಿಂದುಹಾಕಿತ್ತು. ಸಕ್ಕರೆ ಕಾಯಿಲೆ ಅಂತ ಮಂಚದ ಕಾಲಿಗೆ ತಗುಲಿಹಾಕಿದ ಕೇಸ್ ಶೀಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನಾನು ಓದಲಿಲ್ಲ. ನನಗೆ ಅವಮಾನವಾದಂತೆ ಆಯಿತು, ನನ್ನ ಹದ ಸಾಲದು ಅನ್ನುತ್ತಾನಲ್ಲ ಇವನು ಅಂತ. ಚೀಲ ತೆಗೆದುಕೊಂಡು ಹೋಗಿ ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನೇ ಸುರಿದು ತಂದು ಇಟ್ಟೆ. ನಾಗಮ್ಮ ಮೇಲೆ ಕಂಬಳಿ ಹೊದಿಸಿದಳು. ನಾನು ಇನ್ನೊಂದು ಹಾಸಿಗೆಗೆ ಡ್ರಿಪ್ ಹಾಕಲು ಹೋದವಳು ಒಂದು ಗಂಟೆ ಆ ಕಡೆ ಬರಲಿಲ್ಲ.

ಬಂದು ಕಂಬಳಿ ಸರಿಸಿದೆ. ಬಲಗಾಲಿನ ಅಡಿಯಲ್ಲಿ, ಬೆರಳುಗಳ ಬುಡದಿಂದ ಹಿಮ್ಮಡಿವರೆಗೆ ನೀರು ತುಂಬಿದ ಬೊಬ್ಬೆಗಳು. ಒಂದು ಆಗಲೇ ಒಡೆದು ಚರ್ಮ ಜೋತುಬಿದ್ದಿತ್ತು. ಓಬಳೇಶಪ್ಪ ಆರಾಮಾಗಿ ಟೀ ಕುಡಿಯುತ್ತಿದ್ದ.

"ಏನವ್ವ, ಹಂಗ್ಯಾಕೆ ನೋಡ್ತೀಯಾ?" ಅಂದ.

ಡಾಕ್ಟರು ಓಡಿ ಬಂದರು, ಸಾರಮ್ಮ ಬಂದರು. "ನೀರು ಎಷ್ಟು ಬಿಸಿ ಇತ್ತು?" ಅಂತ ಡಾಕ್ಟರು ಕೇಳಿದರು. ಸುಳ್ಳು ಸರಾಗವಾಗಿ ಬಂತು.

"ಐವತ್ತು ಡಿಗ್ರಿ ಸಾರ್. ಥರ್ಮಾಮೀಟರ್ ಇಟ್ಟು ನೋಡಿದೀನಿ. ಆಮೇಲೆ ಮನೆಯೋರು ಕಂಬಳಿ ಬಿಗಿಯಾಗಿ ಹೊದಿಸ್ಬಿಟ್ರು."

ಡಾಕ್ಟರು ನಾಗಮ್ಮನ ಕಡೆ ತಿರುಗಿದರು. "ಯಾರಮ್ಮ ನಿಮಗೆ ಹೊದಿಸೋಕೆ ಹೇಳಿದ್ದು? ಸಕ್ಕರೆ ಇರೋರ ಕಾಲು ಇದು. ಗಾಯ ಮೇಲಕ್ಕೆ ಹತ್ತಿದ್ರೆ ಕಾಲೇ ತೆಗೀಬೇಕಾಗ್ತೈತೆ, ಗೊತ್ತಾ?" ನಾಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ದೇವುಡಾ, ನನ್ನ ಕೈಯಾರೆ ಸುಟ್ನಾ?" ಅಂದಳು. ಆ ಮಾತು ಕೇಳಿಯೂ ನಾನು ಬಾಯಿಬಿಡಲಿಲ್ಲ. ನನ್ನ ಇಡೀ ಕತೆಯಲ್ಲಿ ನಗುವಂಥದ್ದೇನೂ ಇಲ್ಲದ ಜಾಗ ಇದೊಂದೇ. ಇಲ್ಲಿ ನನ್ನನ್ನು ಗೇಲಿ ಮಾಡಲಿಕ್ಕೂ ನನಗೆ ಮನಸ್ಸು ಬರುವುದಿಲ್ಲ.

ದಿನಾ ಡ್ರೆಸ್ಸಿಂಗ್ ನಡೆಯಿತು. ಕಫ, ಜ್ವರ ವಾರದಲ್ಲಿ ಹೋಯಿತು, ಕಾಲು ಉಳಿಯಿತು ಗೋಳಾಗಿ. ಕಿರುಬೆರಳು ಕಪ್ಪಗಾಗತೊಡಗಿತು. ಅವನನ್ನು ಮನೆಗೆ ಕಳಿಸಿದರು, ದಿನ ಬಿಟ್ಟು ದಿನ ಡ್ರೆಸ್ಸಿಂಗಿಗೆ ಕರೆತರಬೇಕು. ನಾಗಮ್ಮ ಅವನನ್ನು ಆಟೋದಿಂದ ಇಳಿಸಿಕೊಂಡು ಬರುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಅವಳು ಬರುವ ಹೊತ್ತಿಗೆ ಸರಿಯಾಗಿ ಸ್ಟೋರ್ ರೂಮಿನಲ್ಲಿ ಹತ್ತಿ ಎಣಿಸುತ್ತಿದ್ದೆ. ಹತ್ತಿಯನ್ನು ಯಾರಾದರೂ ಎಣಿಸುತ್ತಾರೆಯೇ?

ಸಾರಮ್ಮನ ಕಣ್ಣು ತಪ್ಪಿಸುವುದು ಆಗದ ಮಾತು. ಒಂದು ಬೆಳಿಗ್ಗೆ ನನ್ನನ್ನು ಕರೆದು ಮೇಜಿನ ಮೇಲೆ ಮೂರು ಬೇಸಿನ್ ಇಟ್ಟರು, ಮೂರರಲ್ಲೂ ಬಿಸಿನೀರು.

"ಕೈ ಇಟ್ಟು ಹೇಳು, ಯಾವುದು ಎಷ್ಟು?"

ನಾನು ಅಂಗೈ ಅದ್ದಿದೆ. "ಇದು ಮೂವತ್ತೆಂಟು. ಇದು ನಲವತ್ತು. ಇದು ನಲವತ್ತೈದು, ಹದವಾಗೈತೆ."

ಸಾರಮ್ಮ ಜೇಬಿನಿಂದ ಥರ್ಮಾಮೀಟರ್ ತೆಗೆದು ಕೊನೆಯ ಬೇಸಿನ್ನಿನಲ್ಲಿ ಇಟ್ಟು ನನ್ನ ಕೈಗೆ ಕೊಟ್ಟರು. ಐವತ್ತೆಂಟು. ಅವರು ತಮ್ಮ ಬೆರಳ ತುದಿಯನ್ನು ಅದ್ದಿ ಚಟಕ್ಕನೆ ಹಿಂದೆಳೆದುಕೊಂಡು ತೋರಿಸಿದರು. ನನ್ನ ಕೈ ಇನ್ನೂ ಆ ನೀರಿನ ಪಕ್ಕ ಕೆಂಪಗೆ ಕೂತಿತ್ತು, ಅದಕ್ಕೆ ಉರಿಯೇ ಹತ್ತಿರಲಿಲ್ಲ.

ಅಷ್ಟು ವರ್ಷ ನಾನು ವರ ಅಂದುಕೊಂಡದ್ದು ಸುಟ್ಟು ಸುಟ್ಟು ದಪ್ಪಗಾದ ಚರ್ಮ ಅಷ್ಟೇ. ಗೊತ್ತಾಗುವ ಕೈಯಲ್ಲ, ಗೊತ್ತಾಗದ ಕೈ.

"ಅವತ್ತು ಥರ್ಮಾಮೀಟರ್ ನನ್ನ ಜೇಬಲ್ಲಿತ್ತು ಪಾರ್ವತಿ" ಅಂದರು ಸಾರಮ್ಮ. "ನೀನು ಅದನ್ನ ಇಟ್ಟು ನೋಡಿದೆ ಅಂದಾಗ್ಲೇ ಗೊತ್ತಾಯ್ತು. ನೀನಾಗೇ ಹೇಳ್ತೀಯಾ ಅಂತ ಹದಿನೆಂಟು ದಿನ ಕಾದೆ. ಡಾಕ್ಟರಿಗೆ ಇವತ್ತು ಇಬ್ಬರೂ ಹೋಗಿ ಹೇಳೋಣ, ಕಾದಿದ್ದು ನನ್ನದೂ ತಪ್ಪು. ನಾಗಮ್ಮನ ಮನೆಗೆ ಮಾತ್ರ ನೀನೊಬ್ಳೇ ಹೋಗು."

ಡಾಕ್ಟರು ಬೈದರು, ಅದು ಸುಲಭವಿತ್ತು. ನಾಗಮ್ಮನ ಮನೆ ಹತ್ತು ನಿಮಿಷದ ದಾರಿ. ನನಗೆ ಒಂದೂವರೆ ಗಂಟೆ ಹಿಡಿಯಿತು. ಮೂರು ಸಲ ಬೀದಿಯ ತುದಿವರೆಗೆ ಹೋಗಿ ವಾಪಸ್ಸು ಬಂದೆ. ಒಮ್ಮೆ ಬಾಳೆಹಣ್ಣು ಕೊಂಡೆ. ಸಕ್ಕರೆ ಕಾಯಿಲೆಯವನಿಗೆ ಬಾಳೆಹಣ್ಣು! ಅದು ಹೊಳೆದ ಮೇಲೆ ಬೀದಿಯಲ್ಲಿ ನಿಂತ ಮೇಕೆಗೆ ಹಾಕಿದೆ. ಸುತ್ತಲ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು, ಅವರ ಮನೆಯಿಂದ ಮಾತ್ರ ಇಲ್ಲ.

ಓಬಳೇಶಪ್ಪ ಮಗ್ಗದ ಪಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ನಾಗಮ್ಮ ಕಾಲಿನ ಮೇಲೆ ಕೂರುವ ನೊಣ ಓಡಿಸುತ್ತಿದ್ದಳು. ನಾನು ಕೂರದೆ, ನೀರು ಮುಟ್ಟದೆ, ನಿಂತಲ್ಲೇ ಹೇಳಿಬಿಟ್ಟೆ. ಥರ್ಮಾಮೀಟರ್ ಇಡಲಿಲ್ಲ, ಕೇಸ್ ಶೀಟ್ ಓದಲಿಲ್ಲ, ಕುದಿಯೋ ನೀರು ಹಾಕಿದೆ, ಕಂಬಳಿಯಿಂದಾಗಿದ್ದಲ್ಲ, ನನ್ನಿಂದ.

ನಾಗಮ್ಮನ ಕೈ ನಿಂತಿತು.

"ಹದಿನೆಂಟು ದಿನದಿಂದ ಈ ಕೈಲಿ ನಾನು ಅನ್ನ ಕಲಸಿಲ್ಲ ಕಣಮ್ಮ" ಅಂದಳು. "ಗಂಡನ ಕಾಲು ಸುಟ್ಟ ಕೈ ಅಂತ ಎಡಗೈಲಿ ಚಮಚ ಹಿಡ್ದು ತಿಂತಿದೀನಿ. ನೀನು ಅಲ್ಲೇ ಓಡಾಡ್ತಿದ್ದೆ. ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಂಗೆ?"

ನಾನು ಅತ್ತೆ. ಅವಳಿಗೆ ನನ್ನ ಅಳು ಬೇಕಿರಲಿಲ್ಲ. "ಅಳ್ಬೇಡ. ಇನ್ನು ಮೇಲೆ ಇವ್ರು ಆಸ್ಪತ್ರೆಗೆ ಬರಲ್ಲ, ನೀನೇ ಬಾ. ದಿನ ಬಿಟ್ಟು ದಿನ. ಬೇರೆ ಯಾರೂ ಬರ್ಬಾರ್ದು, ನೀನೇ ತೊಳೀಬೇಕು, ನೀನೇ ಕಟ್ಬೇಕು, ನಾನು ಪಕ್ಕ ಕೂತು ನೋಡ್ತೀನಿ" ಅಂದಳು.

ಓಬಳೇಶಪ್ಪ ಅಷ್ಟು ಹೊತ್ತೂ ನನ್ನ ಕೈಯನ್ನೇ ನೋಡುತ್ತಿದ್ದ. "ತೋರಿಸು" ಅಂದ. ಹಿಡಿದು ಅಂಗೈ ಉಜ್ಜಿ ನೋಡಿದ, ಸೀರೆಯ ಸೆರಗನ್ನು ನೋಡುವ ಹಾಗೆ. "ನಿಮ್ಮಪ್ಪನ ಕೈಯೂ ಹಿಂಗೇ ಇತ್ತು. ನನ್ನ ಕಾಲಿಗೂ ನಿನ್ನ ಕೈಗೂ ಒಂದೇ ರೋಗ ನೋಡವ್ವ. ಎರಡು ಸತ್ತೋವು ಸೇರ್ಕಂಡು ಬಿಸಿ ನೋಡಿದ್ವು" ಅಂತ ನಕ್ಕ. ನಾಗಮ್ಮ ನಗಲಿಲ್ಲ.

ನಾನು ಎರಡೂವರೆ ತಿಂಗಳು ಹೋದೆ. ಕಿರುಬೆರಳು ಉಳಿಯಲಿಲ್ಲ, ಡಾಕ್ಟರು ತೆಗೆದರು. ಕಾಲು ಉಳಿಯಿತು. ಡ್ರೆಸ್ಸಿಂಗ್ ನಿಂತ ಮೇಲೊಂದು ದಿನ ನಾಗಮ್ಮ ಹೇಳಿಕಳಿಸಿದಳು. ನಾನು ಬಾಗಿಲಲ್ಲಿ ನಿಂತಿದ್ದಾಗ ಓಬಳೇಶಪ್ಪ ಗುಂಡಿಗೆ ಕಾಲಿಳಿಸಿದ, ಹಲಗೆಯ ಮೇಲೆ ಪಾದ ಇದೆಯೇ ಅಂತ ಬಗ್ಗಿ ಕಣ್ಣಿನಿಂದ ನೋಡಿಕೊಂಡ, ತುಳಿದ. ಮಗ್ಗ ಮಾತಾಡಿತು. ಬೆರಳು ಒಂದು ಕಮ್ಮಿಯಾಗಿ, ಮೊದಲಿನ ತಾಳಕ್ಕೆ ಬರಲಿಕ್ಕೆ ಅವನಿಗೆ ಒಂದು ಸೀರೆ ನೇಯುವಷ್ಟು ಹೊತ್ತು ಹಿಡಿಯಿತು. ನಾಗಮ್ಮ ನನಗೆ ಅವತ್ತು ಮೊದಲ ಸಲ ಟೀ ಕೊಟ್ಟಳು. ಬಲಗೈಯಲ್ಲಿ.

ಆದರೆ ಬಿಟ್ಟಳು ಅಂದುಕೊಳ್ಳಬೇಡಿ. ಅವರ ಬೀದಿಯಿಂದ ಯಾರೇ ಆಸ್ಪತ್ರೆಗೆ ಸೇರಲಿ, ನೋಡಲು ಬಂದು ಜೋರಾಗಿ ಹೇಳಿ ಹೋಗುತ್ತಿದ್ದಳು: "ಪಾರ್ವತಮ್ಮ ಬಿಸಿನೀರು ತಂದ್ರೆ ಥರ್ಮಾಮೀಟರ್ ತೋರ್ಸು ಅನ್ರಿ. ತೋರ್ಸದಿದ್ರೆ ಕಾಲು ಕೊಡಬ್ಯಾಡ್ರಿ."

ಅಲ್ಲಿಂದಾಚೆ ನಾನೂ ಸಾರಮ್ಮನೂ ಒಂದು ಪದ್ಧತಿ ಮಾಡಿದೆವು. ಯಾರಿಗೇ ಬಿಸಿ ಇಡುವ ಮೊದಲು ಕೇಸ್ ಶೀಟ್ ಓದುವುದು. ಆಮೇಲೆ ಎರಡು ಗಾಜಿನ ನಳಿಗೆಗಳಲ್ಲಿ ಒಂದಕ್ಕೆ ಬೆಚ್ಚಗಿನ ನೀರು, ಇನ್ನೊಂದಕ್ಕೆ ಐಸ್ ನೀರು. ರೋಗಿ ಕಣ್ಣು ಮುಚ್ಚಬೇಕು. ಪಾದಕ್ಕೆ ಮುಟ್ಟಿಸಿ, ಯಾವುದು ಅಂತ ಕೇಳುವುದು. ತಪ್ಪು ಹೇಳಿದರೆ ಕೇಸ್ ಶೀಟಿನ ಮೇಲೆ ಕೆಂಪು ಅಕ್ಷರದಲ್ಲಿ "ಬಿಸಿ ಕೊಡಬಾರದು" ಅಂತ ಬರೆಯುವುದು. ಹೊಸದಾಗಿ ಬಂದ ಪ್ರತಿಯೊಬ್ಬ ಹುಡುಗಿಗೂ ನನ್ನ ಕೈ ತೋರಿಸಿ, ಕತೆ ಹೇಳಿ, ಆಮೇಲೇ ಚೀಲ ಮುಟ್ಟಲು ಬಿಡುತ್ತಿದ್ದೆ. ಈಗ ಕರೆಂಟಿನ ಶಾಖದ ಪಟ್ಟಿ ಬಂದಿದೆ, ಫ್ರಿಜ್ಜಿನಲ್ಲಿಡುವ ಜೆಲ್ ಚೀಲ ಬಂದಿದೆ. ಮನೆಮನೆಯಲ್ಲೂ ಒಂದೊಂದಿದೆ. ಸಾಮಾನು ಬದಲಾಗಿದೆ, ಚರ್ಮ ಅದೇ. ಜೆಲ್ ಚೀಲವನ್ನು ನೇರ ಇಟ್ಟುಕೊಂಡು ನಿದ್ದೆ ಹೋಗುವವರಿಗೆ ನಾನು ಬೋರಯ್ಯನ ಹೆಸರು ಹೇಳುತ್ತೇನೆ.

ನಿವೃತ್ತಿಯಾಗಿ ಚಳ್ಳಕೆರೆಯಲ್ಲಿ ನೆಲೆಸಿದ್ದೇನೆ. ಸಕ್ಕರೆ ಕಾಯಿಲೆ ನನಗೂ ಬಂದು ಎಷ್ಟೋ ವರ್ಷವಾಯಿತು. ಹೋದ ಚಳಿಗಾಲದಲ್ಲಿ ಜ್ವರ ಬಂದು ಇಲ್ಲೇ ಒಂದು ಆಸ್ಪತ್ರೆಯಲ್ಲಿ ಎರಡು ದಿನ ಮಲಗಿದ್ದೆ. ಕಾಲು ತಣ್ಣಗೆ ಕೊರೆಯುತ್ತಿವೆ ಅನ್ನಿಸಿತು. ಶಾಹೀನಾ ಅಂತ ಚೂಟಿ ನರ್ಸ್, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಕ್ಕಿಲ್ಲ. ಅವಳನ್ನು ಕರೆದೆ.

"ಕಾಲಿಗೊಂದು ಬಿಸಿನೀರಿನ ಚೀಲ ಇಡಮ್ಮ. ಸ್ವಲ್ಪ ಜೋರಾಗೇ ಇರ್ಲಿ, ನನಗೆ ಬಿಸಿ ಹತ್ತಲ್ಲ."

ನನ್ನ ಬಾಯಿಂದ ಬಂದ ಮಾತು ಕೇಳಿದಿರಾ? ನನಗೇ ಕೇಳಿಸಲಿಲ್ಲ.

ಶಾಹೀನಾ ಕೇಸ್ ಶೀಟ್ ಓದಿದಳು. ಒಳಗೆ ಹೋಗಿ ಎರಡು ಗಾಜಿನ ನಳಿಗೆ ಹಿಡಿದು ಬಂದಳು. "ಅಮ್ಮ, ಕಣ್ಣು ಮುಚ್ಕೊಳ್ರಿ." ನನಗೆ ಒಳಗೊಳಗೇ ನಗು. ನನಗೇ ಪರೀಕ್ಷೆ! ಮುಚ್ಚಿದೆ.

"ಈಗ ಮುಟ್ಟಿಸಿದ್ದು ಯಾವುದು?"

"ಬಿಸೀದು" ಅಂದೆ ಗತ್ತಿನಿಂದ.

"ಈಗ?"

"ಇನ್ನೂ ಮುಟ್ಟಿಸಿಲ್ವಲ್ಲಮ್ಮ, ಮುಟ್ಟಿಸು."

"ಕಣ್ಣು ಬಿಡ್ರಿ" ಅಂದಳು. ಬಿಟ್ಟು ನೋಡಿದೆ. ಬೆಚ್ಚಗಿನ ನೀರಿನ ನಳಿಗೆ ನನ್ನ ಪಾದಕ್ಕೆ ಅಂಟಿಕೊಂಡೇ ಇತ್ತು. ಮೊದಲು ಮುಟ್ಟಿಸಿ ಪಕ್ಕಕ್ಕಿಟ್ಟ ನಳಿಗೆಯಲ್ಲಿ ಐಸಿನ ಚೂರು ತೇಲುತ್ತಿತ್ತು.

ಸಾವರಿಸಿಕೊಂಡು, "ಇದನ್ನ ಯಾರಮ್ಮ ಕಲಿಸಿದ್ದು ನಿನಗೆ?" ಅಂತ ಕೇಳಿದೆ.

"ನಮ್ಮ ಸೀನಿಯರ್ ಸಿಸ್ಟರ್. ಅವ್ರಿಗೆ ಅವ್ರ ಸೀನಿಯರ್. ಮೊಳಕಾಲ್ಮೂರಲ್ಲಿ ಒಬ್ರು ಹಳೇ ಸಿಸ್ಟರ್ ಇದ್ರಂತೆ, ನೇಕಾರರ ಕಾಲು ಸುಟ್ಟಿದ್ರಂತೆ. ಆವಾಗಿಂದ ಎಲ್ರೂ ಹಿಂಗೇ ನೋಡೋದು."

"ಹೆಸರೇನಂತೆ ಅವರದು?"

"ಹೆಸ್ರು ಗೊತ್ತಿಲ್ಲಮ್ಮ. ಕಾಲು ಸುಟ್ಟ ಸಿಸ್ಟರ್ ಅಂತೀವಿ ಅಷ್ಟೇ."

ಇಡೀ ಜನ್ಮದ ನೌಕರಿಗೆ ಸಿಕ್ಕ ಬಿರುದು. "ಆ ಸಿಸ್ಟರ್ ನಾನೇ ಕಣಮ್ಮ" ಅಂದೆ. ಅವಳು ಕಣ್ಣರಳಿಸುತ್ತಾಳೆ, ಕೈ ಹಿಡಿಯುತ್ತಾಳೆ, ನಾಲ್ಕು ಜನರನ್ನು ಕರೆದು ತೋರಿಸುತ್ತಾಳೆ ಅಂದುಕೊಂಡೆ. ಜಂಬ ಅಷ್ಟು ಬೇಗ ಸಾಯುವುದಿಲ್ಲ ನೋಡಿ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಾದ್ರೆ ನಿಮಗೆ ಬಿಸಿ ಕೊಡೋ ಮಾತೇ ಇಲ್ಲ ಬಿಡ್ರಿ" ಅಂದಳು. ಕೆಂಪು ಪೆನ್ನು ತೆಗೆದು ಕೇಸ್ ಶೀಟಿನ ಮೇಲೆ ಬರೆದಳು. ಕಪಾಟಿನಿಂದ ಒಂದು ಜೊತೆ ಉಣ್ಣೆಯ ಕಾಲುಚೀಲ ತಂದು ನನ್ನ ಎರಡೂ ಪಾದಕ್ಕೆ ಹಾಕಿ, ಹೊದಿಕೆ ಸರಿಮಾಡಿ, ಮುಂದಿನ ಹಾಸಿಗೆಗೆ ಹೋದಳು.

ನಾನು ಆ ಕಾಲುಚೀಲಗಳನ್ನೇ ನೋಡುತ್ತಾ ಮಲಗಿದ್ದೆ. ಸ್ವಲ್ಪ ಹೊತ್ತಿಗೆ ಶಾಹೀನಾ ಬಂದು ಪಾದ ಮುಟ್ಟಿ ನೋಡಿ, ಬೆಚ್ಚಗಾಗಿವೆ ಅಂದಳು. ಅವತ್ತು ಓಬಳೇಶಪ್ಪನಿಗೂ ಇಷ್ಟೇ ಸಾಕಾಗಿತ್ತು.